ಲಿನಕ್ಸ್ ಕಂಪ್ಯೂಟರ್ ಫ್ಯಾಕ್ಸ್ ಕಳಿಸುತ್ತದೆ, ಆದರೆ ಬಂದದ್ದನ್ನು ಎತ್ತುವುದಿಲ್ಲ

ಚೌಬಾರಾ ಅಂಗಡಿ, ಬೀದರ್:
ನಮ್ಮದು ಚಿಕ್ಕ ಬಿದ್ರಿ ಸಾಮಾನಿನ ಅಂಗಡಿ. ಜಪಾನಿನ ಒಬ್ಬ ಹಳೇ ಗಿರಾಕಿ ಹೂದಾನಿಯ ಚಿತ್ರ ಕೈಯಲ್ಲೇ ಬರೆದು, ಅಳತೆ ಹಾಕಿ ಫ್ಯಾಕ್ಸ್ ಮಾಡುತ್ತಾರೆ, ಇಮೇಲ್ ಅಂದರೆ ಒಲ್ಲೆ ಅನ್ನುತ್ತಾರೆ. ಅವರ ಬೆಳಗಿನ 8 ಗಂಟೆ ಅಂದರೆ ನಮಗೆ ನಸುಕಿನ 4.30, ಆಗ ಅಂಗಡಿಯಲ್ಲಿ ಯಾರಿರ್ತಾರ್ರೀ? ಫ್ಯಾಕ್ಸ್ ಮಷೀನ್ ಕೆಟ್ಟಿದೆ. ಡೆಬಿಯನ್ ಲಿನಕ್ಸ್ ಇರುವ ಹಳೇ ಕಂಪ್ಯೂಟರಿಗೆ ಫೋನ್ ಲೈನ್ ಜೋಡಿಸುವ ಯುಎಸ್‌ಬಿ ಮೋಡೆಮ್ ಚುಚ್ಚಿ, ಹೈಲಾಫ್ಯಾಕ್ಸ್ ಅನ್ನೋ ಫ್ಯಾಕ್ಸ್ ಸಾಫ್ಟ್‌ವೇರ್ ಹಾಕಿದೆ. ಕಳಿಸಿದರೆ ಹೋಗುತ್ತದೆ. ಬಂದರೆ ಮಾತ್ರ ಸುಮ್ನೆ ರಿಂಗ್ ಆಗಿ ನಿಲ್ಲುತ್ತದೆ. ಹಗಲು ಇದೇ ಲೈನಿಗೆ ಬೇರೆಯವರೂ ಫೋನ್ ಮಾಡುತ್ತಾರೆ, ಅದೂ ಕೆಡಬಾರದು.

ತೊಗರಿ ಕಣಜ, ಕಲಬುರಗಿ:
ಕಳಿಸಿದ್ದು ಹೋಗ್ತದೆ ಅಂದರೆ ಮೋಡೆಮ್ ಮೇಲೆ ಅನುಮಾನ ಬೇಡ. ಫೋನ್ ಎತ್ತುವುದು ಫ್ಯಾಕ್ಸ್‌ಗೆಟಿ ಅನ್ನೋ ಬೇರೆ ಪ್ರೋಗ್ರಾಂ, ಅದು ಓಡುತ್ತಿದೆಯಾ ಮೊದಲು ನೋಡಿ. ಇಲ್ಲದಿದ್ದರೆ ಲಿನಕ್ಸಿನಲ್ಲಿ ಪ್ರೋಗ್ರಾಂಗಳನ್ನು ಓಡಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ ಸರ್ವಿಸ್ ಮಾಡಿ ಇಡಿ, ಬಿದ್ದರೂ ತಾನೇ ಏಳುವ ಹಾಗೆ. ಆಮೇಲೆ ಮೋಡೆಮಿನ ಕಾನ್ಫಿಗ್ ಫೈಲಿನಲ್ಲಿ 'ರಿಂಗ್ಸ್ ಬಿಫೋರ್ ಆನ್ಸರ್' ಅಂತ ಒಂದು ಸಾಲಿದೆ. ಅಲ್ಲಿ 0 ಇದ್ದರೆ ಎಷ್ಟು ರಿಂಗ್ ಆದರೂ ಎತ್ತಲ್ಲ. 6 ಹಾಕಿ. ಹಗಲು ಅಷ್ಟರೊಳಗೆ ನೀವೇ ಎತ್ತುತ್ತೀರಿ, ರಾತ್ರಿ ಕಂಪ್ಯೂಟರ್ ಎತ್ತುತ್ತದೆ. ನೀವು ಎತ್ತಿದಾಗ ಮಾತಿನ ಬದಲು ಮೂರು ಸೆಕೆಂಡಿಗೊಮ್ಮೆ ಅರ್ಧ ಸೆಕೆಂಡು 'ಪೀ' ಅಂದರೆ ಅದು ಫ್ಯಾಕ್ಸ್. ಆಗ ಫ್ಯಾಕ್ಸ್‌ಆನ್ಸರ್ ಕಮಾಂಡ್ ಕೊಟ್ಟು, ಮೋಡೆಮ್ ಹಿಡಿದ ಮೇಲೆ ರಿಸೀವರ್ ಇಡಿ.

ಕೋಟೆ ಹಿಂದಿನವ, ಯಾದಗಿರಿ:
ಕಂಪ್ಯೂಟರಿನಲ್ಲಿ ಮೋಡೆಮ್‌ಮ್ಯಾನೇಜರ್ ಅನ್ನೋ ಪ್ರೋಗ್ರಾಂ ಇದ್ದರೆ ತೆಗೆದುಬಿಡಿ. ಯುಎಸ್‌ಬಿ ಮೋಡೆಮ್ ಕಂಡರೆ ನನ್ನದೇ ಅಂತ ಹೋಗಿ ಹಿಡಿಯುತ್ತದೆ, ನಾನು ಎರಡು ದಿನ ತಲೆ ಕೆಡಿಸಿಕೊಂಡಿದ್ದೆ. ಅಂದಹಾಗೆ ನಿಮ್ಮದು ತಾಮ್ರದ ಲೈನಾ, ಫೈಬರ್ರಾ? ಫೈಬರಿನಲ್ಲಿ ಧ್ವನಿ ಪ್ಯಾಕೆಟ್ ಆಗಿ ಹೋಗುತ್ತದೆ, ಪುಟ ಅರ್ಧಕ್ಕೇ ಕಡಿಯುವುದು ಜಾಸ್ತಿ. ಹಾಗಾದರೆ ಫ್ಯಾಕ್ಸ್ ವೇಗ ಸೆಕೆಂಡಿಗೆ 9600 ಬಿಟ್‌ಗೆ ಇಳಿಸಿ ನೋಡಿ.

ಚೌಬಾರಾ ಅಂಗಡಿ, ಬೀದರ್:
ಅಣ್ಣಾ, ಫ್ಯಾಕ್ಸ್‌ಗೆಟಿ ಓಡುತ್ತಲೇ ಇರಲಿಲ್ಲ! ತಾಮ್ರದ ಲೈನೇ, ಹಾಗಾಗಿ ವೇಗ ಮುಟ್ಟಲಿಲ್ಲ. ಇವತ್ತು ನಸುಕಿನಲ್ಲಿ ಮೂರು ಪುಟ ಬಂದು ಕೂತಿವೆ. ಆದರೆ ಟಿಫ್ ಅನ್ನೋ ಚಿತ್ರದ ಫೈಲ್, ಅಪ್ಪನ ಮೊಬೈಲಿನಲ್ಲಿ ತೆರೆಯುತ್ತಿಲ್ಲ.

ತೊಗರಿ ಕಣಜ, ಕಲಬುರಗಿ:
ಬಂದ ಫ್ಯಾಕ್ಸ್ ಯಾರಿಗೆ ಹೋಗಬೇಕು ಅಂತ ಹೇಳುವ ಹೈಲಾಫ್ಯಾಕ್ಸಿನ ಫ್ಯಾಕ್ಸ್‌ಡಿಸ್ಪ್ಯಾಚ್ ಫೈಲಿನಲ್ಲಿ ಅಪ್ಪನ ಇಮೇಲ್ ಹಾಕಿ, ಫೈಲ್ ಟೈಪ್ ಪಿಡಿಎಫ್ ಅಂತ ಕೊಡಿ, ಬಂದ ತಕ್ಷಣ ಹೋಗುತ್ತದೆ. ಇನ್ನೊಂದು, ಬಯೋಸಿನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ತಾನೇ ಆನ್ ಆಗುವ ಹಾಗೆ ಮಾಡಿಡಿ. ರಾತ್ರಿ ಕರೆಂಟ್ ಹೋಗಿ ಬಂದರೆ ಎದ್ದು ಹೋಗಿ ಬಟನ್ ಒತ್ತುವವರು ಯಾರು ಹೇಳಿ.