ಲೈನಿನಲ್ಲಿ ಕೂಗಾಟ, ಜನ ನಿಲ್ತಿಲ್ಲ, ಮ್ಯಾನೇಜ್‌ಮೆಂಟ್ ಯೋಗ ಮಾಡಿಸಿ ಅಂತಿದೆ: ಎಚ್‌ಆರ್ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ (ಎಚ್‌ಆರ್ ಎಕ್ಸಿಕ್ಯೂಟಿವ್, ಗಾರ್ಮೆಂಟ್ಸ್): ಎಲ್ಲರಿಗೂ ನಮಸ್ಕಾರ. ಮೈಸೂರು ರಸ್ತೆ ಕಡೆಯ ಯೂನಿಟ್, 600 ಜನ, 10 ಲೈನು. ತಿಂಗಳಿಗೆ ಐವತ್ತರ ಮೇಲೆ ಜನ ಬಿಟ್ಟು ಹೋಗ್ತಿದ್ದಾರೆ. ಸೋಮವಾರ ಬಂತೆಂದರೆ ಪ್ರತಿ ಲೈನಿನಲ್ಲೂ ನಾಲ್ಕೈದು ಮಿಷನ್ ಖಾಲಿ. ಇಬ್ಬರು ಸೂಪರ್‌ವೈಸರ್‌ಗಳ ಬಾಯಿ ವಿಪರೀತ ಜೋರು. ಆದರೆ ಪೀಸೂ ಅವರ ಲೈನಿನಲ್ಲೇ ಜಾಸ್ತಿ, ಹಾಗಾಗಿ ಅವರನ್ನು ಮುಟ್ಟಬೇಡಿ ಅಂತಾರೆ ಫ್ಯಾಕ್ಟರಿ ಮ್ಯಾನೇಜರ್. ಮೇಲಿನವರು ‘ಒಂದು ಸ್ಟ್ರೆಸ್ ಮ್ಯಾನೇಜ್‌ಮೆಂಟ್ ಸೆಷನ್ ಇಡಿ, ಯೋಗದವರನ್ನು ಕರೆಸಿ’ ಅಂದಿದ್ದಾರೆ. ಇದರಿಂದ ಏನಾದರೂ ಆಗುತ್ತಾ?

ಉತ್ತರ (ಎಚ್‌ಆರ್ ಸಲಹೆಗಾರರು): ಯೋಗದ ವಿಷಯ ಆಮೇಲೆ ನೋಡೋಣ. ಮೊದಲು ಬಿಟ್ಟು ಹೋದವರ ಪಟ್ಟಿ ತೆಗೆದು ಎರಡು ಕಾಲಂ ಸೇರಿಸಿ: ಯಾವ ಲೈನು, ಸೇರಿ ಎಷ್ಟು ದಿನಕ್ಕೆ ಬಿಟ್ಟರು. ತಿಂಗಳಿಗೆ 54 ಜನ ಹೋದರೆ ಅದು 9 ಪರ್ಸೆಂಟ್ ನಿಜ, ಆದರೆ ಇಡೀ ಫ್ಯಾಕ್ಟರಿಯ ಸರಾಸರಿ ಏನನ್ನೂ ಹೇಳುವುದಿಲ್ಲ. ಮೊದಲ ಮೂವತ್ತು ದಿನದಲ್ಲೇ ಹೋದವರು ಜಾಸ್ತಿ ಇದ್ದರೆ ತಪ್ಪು ನೇಮಕಾತಿಯಲ್ಲೋ ಟ್ರೈನಿಂಗಿನಲ್ಲೋ ಇದೆ. ವರ್ಷಗಟ್ಟಲೆ ಇದ್ದ ಟೈಲರ್‌ಗಳು ಎರಡೇ ಲೈನಿನಿಂದ ಹೋಗ್ತಿದ್ದರೆ ಆ ಲೈನಿನ ಟಾರ್ಗೆಟ್ ಅಥವಾ ಆ ಸೂಪರ್‌ವೈಸರ್ ಕಾರಣ.

ರಜೆಯನ್ನೂ ಹಾಗೇ ಬಿಡಿಸಿ ನೋಡಿ. ಸಂಬಳ ಬಂದ ಮಾರನೇ ದಿನ, ಗೌರಿ-ಗಣೇಶ, ಊರ ಜಾತ್ರೆ, ಜೂನ್‌ನಲ್ಲಿ ಶಾಲೆ ಶುರುವಾಗುವ ವಾರ, ಇವೆಲ್ಲ ಮೊದಲೇ ಗೊತ್ತಿರುವ ರಜೆಗಳು. ಇವಕ್ಕೆ ಬೈದು ಉಪಯೋಗವಿಲ್ಲ, ಪ್ಲಾನಿಂಗ್‌ನಲ್ಲಿ ಸೇರಿಸಿಕೊಳ್ಳಬೇಕು. ಇವನ್ನು ಕಳೆದ ಮೇಲೆ ಉಳಿಯುವ ರಜೆ ನೋಡಿ. ಹೊಸ ಸ್ಟೈಲ್ (ಉಡುಪಿನ ಹೊಸ ವಿನ್ಯಾಸ) ಹಾಕಿದ ದಿನ, ಶಿಪ್‌ಮೆಂಟ್ ವಾರ, ಇಂಥ ಕಡೆ ಗುಂಪಾಗಿದ್ದರೆ ನಿಮ್ಮ ಟೆನ್ಷನ್ ಅಲ್ಲಿದೆ.

ಎಕ್ಸಿಟ್ ಫಾರ್ಮಿನಲ್ಲಿ ‘ಮನೆ ಕಾರಣ’ ಅಂತ ಇರುತ್ತದಲ್ಲ, ಅದನ್ನು ನಂಬಬೇಡಿ. ಸೆಟ್ಲ್‌ಮೆಂಟ್ ದುಡ್ಡು ನಿಮ್ಮ ಕೈಯಲ್ಲಿರುವಾಗ ಸೂಪರ್‌ವೈಸರ್ ಬೈತಾರೆ ಅಂತ ಯಾರು ಬರೀತಾರೆ? ದುಡ್ಡು ಸೇರಿದ ಎರಡು ಮೂರು ವಾರದ ಮೇಲೆ, ಪ್ರೊಡಕ್ಷನ್‌ಗೆ ಸಂಬಂಧ ಇಲ್ಲದ ಮಹಿಳಾ ಸಿಬ್ಬಂದಿಯಿಂದ ಫೋನ್ ಮಾಡಿಸಿ. ‘ಯಾಕೆ ಬಿಟ್ರಿ?’ ಅಂದರೆ ಮತ್ತೆ ಮನೆ ಕಾರಣವೇ ಬರುತ್ತೆ. ‘ದಿನದಲ್ಲಿ ಯಾವ ಹೊತ್ತು ತುಂಬಾ ಕಷ್ಟ ಆಗ್ತಿತ್ತು?’ ಅಂತ ಕೇಳಿಸಿ, ಮಾತು ಬಿಚ್ಚಿಕೊಳ್ಳುತ್ತೆ.

ಉತ್ತರ (ಐಇ, ಅಂದರೆ ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ವಿಭಾಗದವರು): ‘ಪೀಸು ಅವರ ಲೈನಿನಲ್ಲೇ ಜಾಸ್ತಿ’ ಅನ್ನೋದನ್ನು ಸ್ವಲ್ಪ ಕೆದಕೋಣ. ಒಂದು ಲೆಕ್ಕ ಹಿಡಿಯಿರಿ. 40 ಆಪರೇಟರ್, 480 ನಿಮಿಷ, ಶರ್ಟಿನ ಎಸ್‌ಎಎಂ (ಒಂದು ಪೀಸ್ ಹೊಲಿಯಲು ನಿಗದಿಯಾದ ಸಮಯ) 20 ನಿಮಿಷ. ನೂರಕ್ಕೆ ನೂರು ಎಫಿಷಿಯೆನ್ಸಿ ಆದರೆ 960 ಪೀಸ್. 60 ಪರ್ಸೆಂಟ್‌ಗೆ 576, ಅಂದರೆ ಗಂಟೆಗೆ 72. ಬೋರ್ಡಿನ ಮೇಲೆ 72 ಅಂತ ಬರೆದರು. 72 ಬರಬೇಕಾದರೆ ಪ್ರತಿ ಆಪರೇಷನ್‌ನಿಂದ 50 ಸೆಕೆಂಡಿಗೊಂದು ಪೀಸ್ ಹೊರಬರಬೇಕು. ಈಗ ಕಾಲರ್ ಅಟ್ಯಾಚ್ ಹತ್ತಿರ ವಾಚ್ ಹಿಡಿದು ನಿಂತುಕೊಳ್ಳಿ. ಬಂಡಲ್ ಬಿಚ್ಚಿ, ಮಾರ್ಕ್ ಮಾಡಿ, ಹೊಲಿದು, ಪಕ್ಕಕ್ಕಿಡುವಷ್ಟರಲ್ಲಿ 55 ಸೆಕೆಂಡ್ ಆಗ್ತಿದ್ದರೆ ಗಂಟೆಗೆ 65 ಮೇಲೆ ಬರಲು ದಾರಿಯೇ ಇಲ್ಲ. ಮಿಕ್ಕ 39 ಜನ ಎಷ್ಟೇ ವೇಗವಾಗಿ ಹೊಲಿದರೂ ಬಂಡಲ್‌ಗಳು ಆ ಮಿಷನ್ ಮುಂದೆ ಬಂದು ರಾಶಿ ಬೀಳುತ್ತವೆ. ಕೂಗಿದರೆ ಆ 55 ಸೆಕೆಂಡ್ 50 ಆಗಲ್ಲ, ಕೈ ನಡುಗಿ ಆಲ್ಟರ್ (ತಪ್ಪಾಗಿ ಮತ್ತೆ ಹೊಲಿಯಬೇಕಾದ ಪೀಸ್) ಜಾಸ್ತಿಯಾಗುತ್ತೆ ಅಷ್ಟೇ.

ಹಾಗಾದರೆ ಕೂಗುವವರ ಲೈನಿನಲ್ಲಿ ಟಾರ್ಗೆಟ್ ಹೇಗೆ ಮುಟ್ಟುತ್ತೆ? ದಿನಕ್ಕೆ ಐವತ್ತು ಚಿಲ್ಲರೆ ಪೀಸ್ ಕೊರತೆ ಬೀಳುತ್ತಲ್ಲ, ಅದಕ್ಕೆ ಹೆಚ್ಚುಕಡಿಮೆ 50 ನಿಮಿಷ ಬೇಕು. ಬೆಳಿಗ್ಗೆ ಬೆಲ್ ಹೊಡೆಯುವ ಮೊದಲೇ ಮಿಷನ್ ಆನ್ ಆಗ್ತಿದೆಯಾ, ಊಟದ ಹೊತ್ತು ಅರ್ಧಕ್ಕೇ ಮುಗೀತಿದೆಯಾ, ಸಂಜೆ ಪಂಚ್ ಮಾಡಿ ಮತ್ತೆ ಕೂರಿಸ್ತಾರಾ, ಒಂದು ವಾರ ಗಮನಿಸಿ. ಜೊತೆಗೆ ಚೆಕರ್ ಹತ್ತಿರ ಆಲ್ಟರ್ ಎಣಿಸಿ, ಮೊದಲ ಸಲಕ್ಕೇ ಪಾಸ್ ಆದ ಪೀಸ್ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಆಮೇಲೂ ಅವರೇ ಮುಂದಿದ್ದಾರಾ ನೋಡಿ.

ಪರಿಹಾರ ಸಣ್ಣದು. ಮಾರ್ಕಿಂಗ್ ಹೆಲ್ಪರ್‌ಗೆ ಕೊಡಿ, ಆರೇಳು ಸೆಕೆಂಡ್ ಇಳಿದು 48ಕ್ಕೆ ಬರುತ್ತೆ, ಅಡಚಣೆ ಬಿಡುತ್ತೆ. ಹೊಸ ಸ್ಟೈಲ್ ಹಾಕಿದ ದಿನವೇ 60 ಪರ್ಸೆಂಟ್ ಬರೆಯುವುದನ್ನೂ ನಿಲ್ಲಿಸಿ. ಮೊದಲ ದಿನ 30, ಮಾರನೇ ದಿನ 40, ಮೂರನೇ ದಿನ 50, ಹೀಗೆ ಏರಿಸಿ.

ಮರುಪ್ರಶ್ನೆ: ಸರ್, ಇದು ನಿಜಕ್ಕೂ ಹೊಳೆದೇ ಇರಲಿಲ್ಲ. ಐಇ ಜೊತೆ ಕೂರ್ತೀನಿ. ಆದರೆ ಸೂಪರ್‌ವೈಸರ್‌ಗಳನ್ನು ಏನು ಮಾಡೋದು? ವಾರ್ನಿಂಗ್ ಲೆಟರ್ ಕೊಡ್ಲಾ?

ಉತ್ತರ (ಎಚ್‌ಆರ್ ಸಲಹೆಗಾರರು): ಲೆಟರ್‌ಗೆ ಮೊದಲು ಒಂದು ದಿನ ಬೆಳಗಿನ ಪ್ರೊಡಕ್ಷನ್ ಮೀಟಿಂಗ್‌ನಲ್ಲಿ ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಆ ಸೂಪರ್‌ವೈಸರನ್ನು ಎಲ್ಲರ ಮುಂದೆ ಯಾರು ಹೇಗೆ ಬೈತಾರೆ ಅಂತ ಕೇಳಿಸಿಕೊಳ್ಳಿ. ಅಲ್ಲಿ ಬಂದ ಮಾತೇ ಒಂಬತ್ತೂವರೆಗೆ ಲೈನಿಗೆ ಇಳಿದಿರುತ್ತೆ. ಸಂಸ್ಥೆಯ ಸಂಸ್ಕೃತಿಯಲ್ಲಿ ಮೂರು ಪದರ ಇರುತ್ತೆ ಅಂತ ಮ್ಯಾನೇಜ್‌ಮೆಂಟ್ ವಿದ್ವಾಂಸ ಎಡ್ಗರ್ ಶೈನ್ ವಿವರಿಸಿದ್ದರು: ಕಣ್ಣಿಗೆ ಕಾಣುವುದು, ಬಾಯಲ್ಲಿ ಹೇಳುವುದು, ಯಾರೂ ಹೇಳದೆ ಎಲ್ಲರೂ ನಂಬಿರುವುದು. ನಿಮ್ಮ ರಿಸೆಪ್ಷನ್‌ನಲ್ಲಿ ‘ಪರಸ್ಪರ ಗೌರವ’ ಅಂತ ಫ್ರೇಮ್ ಹಾಕಿರಬಹುದು. ಮೀಟಿಂಗ್‌ನ ಮೊದಲ ಪ್ರಶ್ನೆ ‘ಎಷ್ಟು ಪೀಸ್?’ ಆಗಿದ್ದರೆ ಮೂರನೇ ಪದರ ಅದೇ. ಮೀಟಿಂಗ್‌ನ ಕ್ರಮ ಬದಲಿಸಿ. ಮೊದಲು ಹಾಜರಿ, ಆಮೇಲೆ ನಿಂತ ಮಿಷನ್, ಕಟಿಂಗ್‌ನಿಂದ ಬಾರದ ಮಾಲು, ಕೊನೆಗೆ ಪೀಸು.

ಸೂಪರ್‌ವೈಸರ್ ಅಂದರೆ ಸಾಮಾನ್ಯವಾಗಿ ಚೆನ್ನಾಗಿ ಹೊಲೀತಿದ್ದ ಟೈಲರ್. ಮೇಲೆ ಏರಿಸಿದಿರಿ, ಜನರನ್ನು ನಡೆಸೋದು ಹೇಗೆ ಅಂತ ಕಲಿಸಲಿಲ್ಲ. ಭಾಷಣ ಬೇಡ, ಲೈನಿನಲ್ಲೇ ನಿಂತು ಒಂದು ಅಭ್ಯಾಸ ಮಾಡಿಸಿ. ಪೀಸ್ ನಿಂತ ಕಡೆ ದೂರದಿಂದ ಕೂಗದೆ ಮಿಷನ್ ಪಕ್ಕಕ್ಕೆ ನಡೆದು ಹೋಗಬೇಕು. ‘ಏನಮ್ಮಾ, ನಿದ್ದೆ ಮಾಡ್ತಿದ್ದೀಯಾ?’ ಬದಲು ‘ಏನ್ ತೊಂದರೆ ಆಗ್ತಿದೆ?’ ಅನ್ನಬೇಕು. ಮೂರು ಪೀಸ್ ಹೊಲಿಯುವವರೆಗೆ ಸುಮ್ಮನೆ ನೋಡಬೇಕು. ದಾರ, ಸೂಜಿ, ಟೆನ್ಷನ್ (ಮಿಷನ್ನಿನದು!) ಸರಿಯಿಲ್ಲದಿದ್ದರೆ ಮೆಕ್ಯಾನಿಕ್, ಕೈ ಕೂತಿಲ್ಲದಿದ್ದರೆ ಟ್ರೈನರ್. ಎರಡೂ ಅಲ್ಲದಿದ್ದರೆ ಟೀ ಹೊತ್ತಿನಲ್ಲಿ ಒಬ್ಬರನ್ನೇ ಕರೆದು ಕೇಳಬೇಕು. ಎರಡು ವಾರ ದಿನಾ ಹದಿನೈದು ನಿಮಿಷ ಜೊತೆಗಿದ್ದು ತಿದ್ದಿದರೆ ಬಹಳ ಜನ ಬದಲಾಗುತ್ತಾರೆ. ಬದಲಾಗದವರಿಗೆ ಆಮೇಲೆ ಲೆಟರ್. ಅವರ ಇನ್ಸೆಂಟಿವ್ ಪೂರ್ತಿ ಪೀಸ್ ಮೇಲಿದ್ದರೆ ಅರ್ಧ ತೆಗೆದು ಪಾಸ್ ಆದ ಪೀಸಿಗೆ ಮತ್ತು ಹೊಸಬರು 90 ದಿನ ನಿಂತಿದ್ದಕ್ಕೆ ಇಡಿ.

ಇನ್ನೊಂದು ವಿಷಯ. ಟಾಯ್ಲೆಟ್‌ಗೆ ಟೋಕನ್ ಪದ್ಧತಿ ಇದ್ದರೆ ಇವತ್ತೇ ತೆಗೆಸಿ. ಬೈಸಿಕೊಳ್ಳುವುದು ಬೇಡ ಅಂತ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡ್ತಾರೆ. ಆಮೇಲೆ ಉರಿಮೂತ್ರ, ಜ್ವರ, ರಜೆ. ನಿಮ್ಮ ಖಾಲಿ ಮಿಷನ್‌ಗಳಲ್ಲಿ ಒಂದೆರಡು ಇದರದ್ದೇ ಇರಬಹುದು. ಎದ್ದವರ ಜಾಗದಲ್ಲಿ ಕೂರಲು 40 ಜನರ ಲೈನಿಗೆ ಎಲ್ಲ ಆಪರೇಷನ್ ಬಲ್ಲ ಇಬ್ಬರು ಫ್ಲೋಟರ್ ಇರಲಿ.

ಉತ್ತರ (ಕಾರ್ಮಿಕ ಕಾನೂನು ನೋಡುವವರು): ಎರಡು ಎಚ್ಚರಿಕೆ. ಐಇ ಅವರು ಹೇಳಿದ 50 ನಿಮಿಷ ಸಿಕ್ಕಿಬಿದ್ದರೆ ಅದನ್ನು ಶಿಸ್ತಿನ ವಿಷಯ ಅಂತ ಮುಚ್ಚಬೇಡಿ, ಅದು ಸಂಬಳದ ಬಾಕಿ. ದಿನದ, ವಾರದ ಮಿತಿ ಮೀರಿದ ಕೆಲಸಕ್ಕೆ ದುಪ್ಪಟ್ಟು ದರ ಕೊಡಲೇಬೇಕು.

ಬೈಗುಳದಲ್ಲಿ ಹೆಣ್ಣಿನ ಮೈ ಬಗ್ಗೆ, ನಡತೆ ಬಗ್ಗೆ ಮಾತು ಇದ್ದರೆ ಎಚ್‌ಆರ್ ಕರೆದು ‘ಬುದ್ಧಿ ಹೇಳುವ’ ವ್ಯವಹಾರ ಅಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಂತೆ ಆಂತರಿಕ ಸಮಿತಿಗೆ ಹೋಗಬೇಕು. ದೂರು ಕೊಡಲು ಮೂರು ತಿಂಗಳು, ವಿಚಾರಣೆ ಮುಗಿಸಲು 90 ದಿನ. ಬರೆಯಲು ಬಾರದವರಿಗೆ ಬರೆದುಕೊಡುವುದು ಸಮಿತಿಯ ಕರ್ತವ್ಯ. ರಾಜಿ ದೂರುದಾರೆ ತಾನಾಗಿ ಕೇಳಿದರೆ ಮಾತ್ರ, ಅದೂ ದುಡ್ಡಿನ ಆಧಾರದ ಮೇಲೆ ಅಲ್ಲ.

ಮರುಪ್ರಶ್ನೆ: ಹೆಸರಿಲ್ಲದ ಸರ್ವೆ ಮಾಡಬಹುದಾ? ಹಿಂದೆ ಮಾಡಿದಾಗ ಎಲ್ಲರೂ ‘ಚೆನ್ನಾಗಿದೆ’ ಅಂತ ಟಿಕ್ ಹಾಕಿದ್ದರು.

ಉತ್ತರ (ಎಚ್‌ಆರ್ ಸಲಹೆಗಾರರು): ಸೂಪರ್‌ವೈಸರ್ ಕೈಯಲ್ಲಿ ಫಾರ್ಮ್ ಹಂಚಿಸಿದ್ದಿರಬೇಕು! ಕ್ಯಾಂಟೀನ್‌ನಲ್ಲಿ ಕ್ಯಾಮೆರಾ ಕಾಣದ ಜಾಗದಲ್ಲಿ ಡಬ್ಬಿ ಇಡಿ. ಲೈನ್ ನಂಬರ್ ಬಿಟ್ಟು ಬೇರೇನೂ ಕೇಳಬೇಡಿ, ಹತ್ತಕ್ಕಿಂತ ಕಡಿಮೆ ಉತ್ತರ ಬಂದ ಲೈನಿನ ಫಲಿತಾಂಶ ಬೇರೆಯಾಗಿ ತೋರಿಸಬೇಡಿ. ಪ್ರಶ್ನೆಗೆ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಬ್ರಿಟನ್ನಿನ ಎಚ್‌ಎಸ್‌ಇ ಸಂಸ್ಥೆಯ ಆರು ತಲೆಬರಹ ಸಾಕು: ಕೆಲಸದ ಹೊರೆ, ಹಿಡಿತ, ಬೆಂಬಲ, ಸಂಬಂಧ, ಪಾತ್ರದ ಸ್ಪಷ್ಟತೆ, ಬದಲಾವಣೆ. ಪ್ರತಿಯೊಂದಕ್ಕೂ ಒಂದೆರಡು ವಾಕ್ಯ, ಆಡುಮಾತಿನಲ್ಲಿ. ‘ಒತ್ತಡವಿದೆಯೇ?’ ಅಂದರೆ ‘ಇಲ್ಲ’ ಅಂತಾರೆ. ‘ಕಳೆದ ವಾರ ಎಷ್ಟು ದಿನ ಊಟ ಅರ್ಧಕ್ಕೇ ಬಿಟ್ಟು ಎದ್ರಿ?’, ‘ಸ್ಟೈಲ್ ಬದಲಾಗುತ್ತೆ ಅಂತ ಎಷ್ಟು ಹೊತ್ತು ಮೊದಲು ಗೊತ್ತಾಗುತ್ತೆ?’, ‘ಮಿಷನ್ ಕೆಟ್ಟರೆ ಯಾರಿಗೆ ಹೇಳ್ತೀರಿ, ಎಷ್ಟು ಹೊತ್ತಿಗೆ ಬರ್ತಾರೆ?’ ಹೀಗೆ ಎಣಿಸಿ ಹೇಳಬಹುದಾದ್ದನ್ನು ಕೇಳಿ. ಎರಡು ವಾರದೊಳಗೆ ಒಂದಾದರೂ ಸರಿಪಡಿಸಿ ಬೋರ್ಡಿನಲ್ಲಿ ಬರೆಯಿರಿ. ಆಗದು ಅನ್ನುವುದಾದರೆ ಸರ್ವೆಯನ್ನೇ ಮಾಡಬೇಡಿ, ಮುಂದಿನ ಸಲ ಮತ್ತೆ ‘ಚೆನ್ನಾಗಿದೆ’ ಬರುತ್ತೆ.

ಇನ್ನೊಬ್ಬ ಸದಸ್ಯರು: ನಮ್ಮದು ಐಟಿ. ಕೂಗಾಟ ಇಲ್ಲ, ರಾತ್ರಿ 11ಕ್ಕೆ ಮೆಸೇಜ್ ಬರುತ್ತೆ. ಬರ್ನ್‌ಔಟ್ (ಕೆಲಸದಿಂದ ಪೂರ್ತಿ ಬಸವಳಿಯುವುದು) ಅಂತ ಡಾಕ್ಟರ್ ಸರ್ಟಿಫಿಕೇಟ್ ತಂದರೆ ಒಪ್ಪಬೇಕಾ?

ಉತ್ತರ (ಎಚ್‌ಆರ್ ಸಲಹೆಗಾರರು): ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವಾದ ಐಸಿಡಿ-11ರಲ್ಲಿ ಬರ್ನ್‌ಔಟ್ ಕಾಯಿಲೆಯ ಪಟ್ಟಿಯಲ್ಲಿಲ್ಲ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಬರುವ ಸ್ಥಿತಿ ಅಂತಿದೆ. ಅಂದರೆ ನಿಭಾಯಿಸಬೇಕಾದ ಭಾಗ ನಿಮ್ಮ ಕಡೆಯದು. ರಜೆ ಕೊಡಿ, ಅವರು ವಾಪಸ್ ಬರುವಷ್ಟರಲ್ಲಿ ಆನ್‌ಕಾಲ್ ಪಾಳಿ ಬರೆದಿಡಿ. ಪಾಳಿಯಲ್ಲಿಲ್ಲದವರಿಗೆ ರಾತ್ರಿ ಮೆಸೇಜ್ ಹೋಗಬಾರದು.

ಲೈನಿನಲ್ಲಾಗಲಿ ಆಫೀಸಿನಲ್ಲಾಗಲಿ ಯಾರಾದರೂ ಅತ್ತು ಕುಸಿದರೆ, ‘ಬದುಕೋದೇ ಬೇಡ’ ಅಂದರೆ, ಒಬ್ಬರನ್ನೇ ಬಿಡಬೇಡಿ. ಎಚ್‌ಆರ್ ಕೌನ್ಸೆಲಿಂಗ್ ಮಾಡಲು ಹೋಗಬಾರದು, ಆ ಹೊತ್ತಿನಲ್ಲಿ ರಾಜೀನಾಮೆ ಬರೆಸಿಕೊಳ್ಳಲಂತೂ ಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಹಚ್ಚಿಕೊಡಿ. ಉಚಿತ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲಿ ಮಾತಾಡಬಹುದು. ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.

ಪ್ರಶ್ನೆ ಕೇಳಿದವರು: ಧನ್ಯವಾದ ಎಲ್ಲರಿಗೂ. ಒಂದೇ ಕೊನೇ ಮಾತು, ಯೋಗದವರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಶನಿವಾರ ಸಂಜೆ ಐದೂವರೆಗೆ.

ಉತ್ತರ (ಎಚ್‌ಆರ್ ಸಲಹೆಗಾರರು): ಮಾಡಿಸಿ, ಪರವಾಗಿಲ್ಲ. ಆದರೆ ಶಿಫ್ಟ್ ಒಳಗೆ, ಸಂಬಳದ ಹೊತ್ತಿನಲ್ಲಿ, ಆ ದಿನದ ಟಾರ್ಗೆಟ್‌ನಿಂದ ಅಷ್ಟು ನಿಮಿಷ ಕಳೆದು. ಐದೂವರೆಗೆ ಇಟ್ಟರೆ ಊರಿನ ಬಸ್ಸು ಹೋಗಿರುತ್ತೆ.