ಆಗಸ್ಟ್ 1ರ ಗೆರೆ: ಮಕ್ಕಳ ಸಾಕರ್ ಟೀಮಿಗೆ ಒಳ್ಳೇದಾ, ಕೆಟ್ಟದ್ದಾ?

ಫ್ರೀಮಾಂಟ್ ಅಮ್ಮ
ಅಮೆರಿಕದಲ್ಲಿ ಮಕ್ಕಳನ್ನ ಸಾಕರ್‌ಗೆ ಹಾಕಿರೋ ಕನ್ನಡದ ಅಪ್ಪ ಅಮ್ಮಂದಿರನ್ನ ಕೇಳ್ಬೇಕು. 2026-27ರ ಸೀಸನ್‌ನಿಂದ ವಯಸ್ಸಿನ ಲೆಕ್ಕ ಬದಲಾಗ್ತಿದೆ. ಇಷ್ಟು ದಿನ ಜನವರಿ 1ರಿಂದ ಡಿಸೆಂಬರ್ 31, ಅಂದ್ರೆ ಹುಟ್ಟಿದ ಇಸವಿ ಒಂದೇ ಆದ್ರೆ ಒಂದೇ ಗುಂಪು. ಇನ್ನು ಮೇಲೆ ಆಗಸ್ಟ್ 1ರಿಂದ ಮುಂದಿನ ವರ್ಷದ ಜುಲೈ 31. ಯುಎಸ್ ಯೂತ್ ಸಾಕರ್, ಎವೈಎಸ್‌ಒ, ಯುಎಸ್ ಕ್ಲಬ್ ಸಾಕರ್, ಮಕ್ಕಳ ಆಟ ನಡೆಸೋ ಈ ಮೂರೂ ಸಂಸ್ಥೆಗಳು ಒಪ್ಪಿವೆ.

ನನ್ನ ಮಗಳು 2014ರ ನವೆಂಬರ್‌ನವಳು. ಈಗ ಅಂಡರ್-12. ಹೊಸ ಲೆಕ್ಕದಲ್ಲಿ ಮುಂದಿನ ವರ್ಷವೂ ಅಂಡರ್-12. ಅವಳ ಟೀಮಿನ ಬಹುಪಾಲು ಹುಡುಗಿಯರು ಅಂಡರ್-13ಕ್ಕೆ ಹೋಗಿ ಹನ್ನೊಂದು ಜನರ ಆಟ ಶುರು ಮಾಡ್ತಾರೆ, ಇವಳು ಇನ್ನೊಂದು ವರ್ಷ ಒಂಬತ್ತು ಜನರ ಆಟದಲ್ಲೇ. ದೀಪಾವಳಿಗೆ ಹಟ ಮಾಡಿ ಐದನೇ ನಂಬರ್ ಚೆಂಡು ತೆಗೆಸಿಕೊಂಡಿದ್ಲು, ದೊಡ್ಡವರ ಆಟಕ್ಕೆ ಕಾಲು ಪಳಗಲಿ ಅಂತ. ಮೊನ್ನೆ ಅದನ್ನ ಗರಾಜಿನ ಮೂಲೆಗೆ ತಳ್ಳಿ, ಸವೆದುಹೋದ ನಾಲ್ಕನೇ ನಂಬರ್ ಚೆಂಡನ್ನೇ ಎತ್ತಿಕೊಂಡು ಹೋದ್ಲು. ನೋಡಿ ಕರುಳು ಚುರುಕ್ ಅಂತು. ಮೂರು ವರ್ಷ ಜೊತೆಗೆ ಆಡಿದ ಮಕ್ಕಳನ್ನ ಹೀಗೆ ಬೇರೆ ಮಾಡೋದು ಸರೀನಾ?

ಪ್ಲೇನೋದಾಗಿನ ಹುಬ್ಬಳ್ಳಿಯಾಂವ
ಅಕ್ಕಾರ, ನಿಮ್ಮ ಸಂಕಟ ನಮಗ ಗೊತ್ತದ. ನಮ್ಮ ದೊಡ್ಡಾಂವ 2006ರ ಅಕ್ಟೋಬರ್‌ನಾಂವ. ಆವಾಗ ಇದ್ದದ್ದು ಆಗಸ್ಟ್ ಗೆರಿನ. 2015ರಾಗ ಇಡೀ ದೇಶದ ಆಟ ನೋಡಿಕೊಳ್ಳೂ ಯುಎಸ್ ಸಾಕರ್‌ನವರು ಅದನ್ನ ಜನವರಿಗೆ ಒಯ್ತೀವಿ ಅಂದ್ರು, 2016ಕ್ಕ ನಮ್ಮ ಕ್ಲಬ್ಬಿನಾಗ ಜಾರಿಗೆ ಬಂತು. ಅಂಡರ್-9 ಆಡಾಂವ ಒಮ್ಮೆಲೇ ಅಂಡರ್-11. ನಡುವಿನ ಒಂದು ವರ್ಷ ಮಾಯ! ಹೊಸಾ ಟೀಮಿನಾಗ ಎಲ್ಲಾರೂ ಇವನಕಿಂತ ಗೇಣುದ್ದ ಎತ್ತರ. ಬಿ ಟೀಮಿನಾಗೂ ಕೊನೇ ಹೆಸರು ಇವಂದ. ಬೆಂಚಿನ ಮ್ಯಾಲೆ ಕುಂತು ಕುಂತು ಹನ್ನೆರಡನೇ ವಯಸ್ಸಿಗೆ ಬೂಟು ಬಿಚ್ಚಿಟ್ಟ. ಇವತ್ತಿಗೂ ಆ ಮಾತು ತಗದ್ರ ಸುಮ್ಮನಾಗಿಬಿಡ್ತಾನ.

ನಿಮ್ಮ ಮಗಳಿಗೆ ಮಾತ್ರ ಇದು ಒಳ್ಳೇದ ಆಗ್ತದ ಅಂತೀನಿ. ಆಕಿ ಸಾಲಿಯೊಳಗ ಎಷ್ಟನೇತ್ತಾ?

ಫ್ರೀಮಾಂಟ್ ಅಮ್ಮ
ಐದನೇ ಕ್ಲಾಸು. ಟೀಮಿನಲ್ಲಿ ಹೆಚ್ಚಿನವರು ಆರನೇ ಕ್ಲಾಸಿನವರು.

ಸ್ಯಾನ್ ಹೋಸೆ ಕೋಚ್
ಹಾಗಾದ್ರೆ ಅವಳು ಹೋಗ್ತಿರೋದು ತನ್ನ ಕ್ಲಾಸಿನವರ ಜೊತೆಗೇ ಮೇಡಂ. ಈ ಬದಲಾವಣೆಗೆ ಮುಖ್ಯ ಕಾರಣವೂ ಅದೇ. ಒಂಬತ್ತನೇ ಕ್ಲಾಸಿನವರು ಹೈಸ್ಕೂಲ್ ಟೀಮಿಗೆ ಹೋದಾಗ ಆ ತಿಂಗಳುಗಳಲ್ಲಿ ಕ್ಲಬ್ ಟೀಮು ನಿಂತುಹೋಗುತ್ತೆ. ಅದೇ ಟೀಮಿನಲ್ಲಿ ಎಂಟನೇ ಕ್ಲಾಸಿನಲ್ಲಿರೋ ಸೆಪ್ಟೆಂಬರ್–ಡಿಸೆಂಬರ್ ಮಕ್ಕಳಿಗೆ ಆಡೋಕೆ ಜೊತೆಯೇ ಇರಲ್ಲ. ಟ್ರ್ಯಾಪ್ಡ್ ಪ್ಲೇಯರ್, ಅಂದ್ರೆ ಸಿಕ್ಕಿಹಾಕಿಕೊಂಡ ಆಟಗಾರ, ಅಂತಾರೆ ಇವರನ್ನ. ಎಂಟು ವರ್ಷದಿಂದ ವಾಲಂಟಿಯರ್ ಕೋಚ್ ಆಗಿದ್ದೀನಿ, ಪ್ರತಿ ವರ್ಷ ಇಂಥ ಎರಡು ಮೂರು ಮಕ್ಕಳು ಖಾಲಿ ಮೈದಾನದಲ್ಲಿ ಗೋಡೆಗೆ ಚೆಂಡು ಒದೀತಾ ನಿಂತಿರೋದನ್ನ ನೋಡಿದ್ದೀನಿ.

ಕ್ವೀನ್ಸ್ ಅಪ್ಪ
ಕೋಚ್ ಸರ್, ಅದು ನಿಮ್ಮ ಕ್ಯಾಲಿಫೋರ್ನಿಯಾಕ್ಕೆ ಸರಿ, ಅಲ್ಲಿ ಶಾಲೆಯ ಗೆರೆ ಸೆಪ್ಟೆಂಬರ್ 1. ನ್ಯೂಯಾರ್ಕ್ ಸಿಟಿಯಲ್ಲಿ ಶಾಲೆಗೂ ಡಿಸೆಂಬರ್ 31ರ ಲೆಕ್ಕವೇ. ನನ್ನ ಮಗನೂ 2014ರ ನವೆಂಬರ್, ಅವನು ಆರನೇ ಕ್ಲಾಸು. ಇಲ್ಲೀವರೆಗೆ ತನ್ನ ಕ್ಲಾಸಿನವರ ಜೊತೆಗೇ ಆಡ್ತಿದ್ದ, ಈಗ ಅವನನ್ನ ಐದನೇ ಕ್ಲಾಸಿನವರ ಜೊತೆ ಹಾಕ್ತಾರೆ. ಇಡೀ ದೇಶಕ್ಕೆ ಒಂದೇ ಅಳತೆ ಹೊಲಿದ್ರೆ ಹೀಗೇ ಆಗೋದು. ಇನ್ನೊಂದು ಮಾತು: ಫಿಫಾದ ಅಂಡರ್-17 ವಿಶ್ವಕಪ್ ಜನವರಿ 1ರ ಲೆಕ್ಕದಲ್ಲೇ ನಡೆಯೋದು. ಇಲ್ಲಿ ಬೇರೆ, ಅಲ್ಲಿ ಬೇರೆ ಆದ್ರೆ ಮುಂದೆ ಹೋಗೋ ಮಕ್ಕಳ ಗತಿ?

ಬೆಂಗಳೂರು ಫುಟ್‌ಬಾಲ್ ಅಪ್ಪ
ವಿಶ್ವಕಪ್ ಬಗ್ಗೆ ಅಷ್ಟು ಚಿಂತೆ ಬೇಡ ಸರ್. ಇಂಗ್ಲೆಂಡಿನಲ್ಲಿ ಮಕ್ಕಳ ಫುಟ್‌ಬಾಲ್ ನಡೆಯೋದು ಶಾಲೆಯ ವರ್ಷದ ಪ್ರಕಾರ, ಸೆಪ್ಟೆಂಬರ್‌ನಿಂದ ಆಗಸ್ಟ್. ಆದ್ರೂ 2017ರಲ್ಲಿ ನಮ್ಮ ಕೋಲ್ಕತ್ತದಲ್ಲೇ ಸ್ಪೇನ್ ವಿರುದ್ಧ 5-2ರಲ್ಲಿ ಅಂಡರ್-17 ಕಪ್ ಗೆದ್ದವರು ಅವರು. ಮೊದಲು ಎರಡು ಗೋಲು ಬಿಟ್ಟುಕೊಟ್ಟು ಆಮೇಲೆ ಐದು ಹೊಡೆದ್ರು. ದೇಶದ ತಂಡ ಆರಿಸುವಾಗ ಬೇರೆ ಲೆಕ್ಕ ಹಿಡಿದ್ರೆ ಆಯ್ತು, ಹತ್ತು ವರ್ಷದ ಮಗುವಿಗೆ ಅದನ್ನ ಯಾಕೆ ತಗುಲಿಸಬೇಕು?

ಇಲ್ಲಿ ನಮ್ಮ ತಾಪತ್ರಯ ಬೇರೆ, ಹುಟ್ಟಿದ ದಿನವನ್ನ ನಂಬೋದೇ ಕಷ್ಟ. ನಮ್ಮಪ್ಪ ಹುಟ್ಟಿದ್ದು ದಸರಾ ಹೊತ್ತಿಗೆ, ಮೇಷ್ಟ್ರು ಬರೆದದ್ದು ಜೂನ್ 1. ನಿಮ್ಮಲ್ಲಿ ತಾರೀಖಾದ್ರೂ ಸರಿಯಾಗಿದೆ.

ಸ್ಯಾನ್ ಹೋಸೆ ಕೋಚ್
ಕ್ವೀನ್ಸ್ ಸರ್ ಹೇಳಿದ್ದು ನಿಜ, ನ್ಯೂಯಾರ್ಕ್ ಮಕ್ಕಳಿಗೆ ಇದು ಅನ್ಯಾಯವೇ. ಆದ್ರೆ ವಯಸ್ಸಿಗಿಂತ ಮೇಲಿನ ಗುಂಪಿನಲ್ಲಿ ಆಡೋಕೆ ಅವಕಾಶ ಇದೆ, ಕೆಳಗಿನ ಗುಂಪಿಗೆ ಮಾತ್ರ ಬಿಡಲ್ಲ. ಕ್ಲಬ್ಬು ಒಪ್ಪಿದ್ರೆ ನಿಮ್ಮ ಮಗ ಹಳೇ ಟೀಮಿನಲ್ಲೇ ಉಳೀಬಹುದು. ಈಗಲೇ ಬರೆದು ಕೇಳಿ, ಟ್ರೈಔಟ್ (ಟೀಮಿಗೆ ಮಕ್ಕಳನ್ನ ಆರಿಸೋ ಆಟ) ಮುಗಿದ ಮೇಲೆ ಯಾರೂ ಕಿವಿಗೆ ಹಾಕಿಕೊಳ್ಳಲ್ಲ.

ನನಗೆ ನಿಜವಾಗಿ ಕಾಡೋದು ಬೇರೆ. 1997ರಲ್ಲಿ ಬೆಲ್ಜಿಯಂನಲ್ಲಿ ಗೆರೆಯನ್ನ ಆಗಸ್ಟ್‌ನಿಂದ ಜನವರಿಗೆ ಸರಿಸಿದ್ರು. ವರ್ನರ್ ಹೆಲ್ಸನ್ ಅನ್ನೋ ಸಂಶೋಧಕರು ಮತ್ತು ಅವರ ಜೊತೆಯವರು ಅದರ ಹಿಂದಿನ, ಮುಂದಿನ ಸೀಸನ್‌ಗಳ ಹುಡುಗರ ಹುಟ್ಟಿದ ತಿಂಗಳು ತಾಳೆ ನೋಡಿದ್ರು. ಅಲ್ಲೀವರೆಗೆ ಗುಂಪಿನಲ್ಲಿ ವಯಸ್ಸಿಗೆ ದೊಡ್ಡವರಾಗಿ ಮೇಲುಗೈ ಆಗಿದ್ದ, ಆಗಸ್ಟ್ ಮತ್ತು ಅದರ ಮುಂದಿನ ತಿಂಗಳುಗಳಲ್ಲಿ ಹುಟ್ಟಿದ ಹುಡುಗರು ಹಿಂದೆ ಬಿದ್ದಿದ್ರು, ಜನವರಿ ಮತ್ತು ಅದರ ಮುಂದಿನ ತಿಂಗಳುಗಳವರು ಮುಂದೆ ಬಂದಿದ್ರು. ಅದೇ ಕಾಲು, ಅದೇ ಚೆಂಡು. "ಪ್ರತಿಭೆ" ಮಾತ್ರ ಒಂದೇ ಸೀಸನ್ನಿನಲ್ಲಿ ತಿಂಗಳು ಬದಲಾಯಿಸಿತ್ತು.

ಟ್ರೈಔಟ್‌ನಲ್ಲಿ ನಾವು ಮಾಡೋದೇನು? ನಲವತ್ತು ಮಕ್ಕಳು, ಬೆನ್ನಿಗೆ ನಂಬರು, ತೊಂಬತ್ತು ನಿಮಿಷ. ಜೋರಾಗಿ ಓಡೋ ಮಗು ಕಣ್ಣಿಗೆ ಬೀಳುತ್ತೆ, ಎ ಟೀಮಿಗೆ ಹೋಗುತ್ತೆ. ಒಳ್ಳೇ ಕೋಚು, ಒಳ್ಳೇ ಮೈದಾನ, ಗಟ್ಟಿ ಎದುರಾಳಿ ಎಲ್ಲಾ ಅದಕ್ಕೇ. ಎರಡು ವರ್ಷ ಆದ ಮೇಲೆ ಅದು ನಿಜಕ್ಕೂ ಚೆನ್ನಾಗಿ ಆಡುತ್ತೆ, ನಾವು ಸರಿಯಾಗೇ ಆರಿಸಿದ್ವಿ ಅಂದುಕೊಳ್ತೀವಿ. ಹೋದ ವರ್ಷ ನಾನು ಹುಟ್ಟಿದ ತಿಂಗಳನ್ನೂ ಹಾಳೆಯಲ್ಲಿ ಬರೆಸಿಕೊಂಡೆ. ನನ್ನ ಎ ಟೀಮಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಜನವರಿಯಿಂದ ಏಪ್ರಿಲ್ ಒಳಗೆ ಹುಟ್ಟಿದವರು. ಆ ರಾತ್ರಿ ನಿದ್ದೆ ಬರಲಿಲ್ಲ. ಇನ್ನು ಮೇಲೆ ಆ ಹಾಳೆಯಲ್ಲಿ ಆಗಸ್ಟ್, ಸೆಪ್ಟೆಂಬರ್ ತುಂಬಿಕೊಳ್ಳುತ್ತೆ, ಅಷ್ಟೇ.

ಪ್ಲೇನೋದಾಗಿನ ಹುಬ್ಬಳ್ಳಿಯಾಂವ
ನೀವು ಹೇಳಿದ್ದು ನಮ್ಮನಿಯೊಳಗ ಆಗೇ ಬಿಟ್ಟದ ಕೋಚ್ ಸಾಹೇಬ್ರ. ಸಣ್ಣಾಂವ 2014ರ ಜುಲೈ 28. ಇಷ್ಟು ದಿನ ಗುಂಪಿನ ನಡುವಿನಾಂವ ಇದ್ದ, ಎ ಟೀಮಿನಾಗ ಎಡಗಡೆ ವಿಂಗ್ ಆಡ್ತಿದ್ದ. ಈಗ ಅಂಡರ್-13ರಾಗ ಎಲ್ಲಾರಕಿಂತ ಸಣ್ಣಾಂವ ಆಗ್ತಾನ, 2013ರ ಆಗಸ್ಟ್ ಹುಡುಗರ ಎದುರಿಗೆ. ಅಣ್ಣಗ ಜನವರಿ ಗೆರಿ ಬಡೀತು, ತಮ್ಮಗ ಆಗಸ್ಟ್ ಗೆರಿ ಬಡಿಯೂದದ. ಎ ಟೀಮು ಬ್ಯಾಡಾ, ಬಿ ಟೀಮಿಗೇ ಹಾಕ್ರಿ ಅಂತ ನಾವಾಗೇ ಕೇಳೂದು ಚಲೋ ಏನು?

ಫ್ರೀಮಾಂಟ್ ಅಮ್ಮ
ಅಣ್ಣ, ನಾನು ನನ್ನ ಮಗಳೊಬ್ಬಳನ್ನೇ ನೋಡ್ತಿದ್ದೆ. ಅವಳು ತನ್ನ ಗುಂಪಲ್ಲಿ ದೊಡ್ಡವಳಾಗೋಕೆ ನಿಮ್ಮ ಮಗ ಎಲ್ಲೋ ಚಿಕ್ಕವನಾಗ್ಬೇಕು ಅಂತ ತಲೆಗೇ ಹೋಗಿರಲಿಲ್ಲ.

ಸ್ಯಾನ್ ಹೋಸೆ ಕೋಚ್
ಎ, ಬಿ ಅಕ್ಷರ ಬಿಡಿ ಅಣ್ಣ. ಪ್ರತಿ ಮ್ಯಾಚಿನಲ್ಲೂ ಅರ್ಧ ಹೊತ್ತಾದ್ರೂ ಆಡಿಸ್ತೀರಾ ಅಂತ ಕೇಳಿ. ಆಡಿಸೋ ಟೀಮಿಗೆ ಸೇರಿಸಿ. ಬೆಂಚಿನ ಮೇಲೆ ಕೂತು ಯಾವ ಮಗುವೂ ಕಲಿಯಲ್ಲ. ಮತ್ತೆ, ಅವನು ಜುಲೈ ಕೊನೆಯವನು ಅಂತ ಕೋಚ್‌ಗೆ ಬಾಯಿಬಿಟ್ಟು ಹೇಳಿ. ಗೊತ್ತಿದ್ರೆ ನೋಡೋ ಕಣ್ಣೇ ಬೇರೆ ಆಗುತ್ತೆ, ನನಗಂತೂ ಆಯ್ತು.

ಪ್ಲೇನೋದಾಗಿನ ಹುಬ್ಬಳ್ಳಿಯಾಂವ
ಶನಿವಾರ ಮುಂಜಾನೆ ಟ್ರೈಔಟ್ ಅದ. ದೊಡ್ಡಾಂವ ಕಾಲೇಜಿನಿಂದ ಬರಾಂವ ಇದ್ದಾನ, ತಮ್ಮನ್ನ ತಾನ ಕರಕೊಂಡು ಹೋಗ್ತೀನಿ ಅಂದಾನ. ಹುಟ್ಟಿದ ತಾರೀಖು ಕೋಚ್‌ಗ ಹೇಳೂದನ್ನೂ ಅವಂಗ ಒಪ್ಪಿಸೀನಿ.