ಪದಚರ್ಚೆ: ಶಟ್‌ಡೌನ್‌ಗೂ ಸ್ಟಾಪ್‌ಗೂ ಬೇರೆ ಬೇರೆ ಕನ್ನಡ ಮಾತು ಬೇಕು

ಬಳಗದ ಎಲ್ಲರಿಗೂ ಹಾಸನದಿಂದ ನಮಸ್ಕಾರ.

ಮನೆಯಲ್ಲಿ ಇಟ್ಟಿರುವ ಒಂದು ಸಣ್ಣ ಸರ್ವರ್‌ಗೆ ಕನ್ನಡದಲ್ಲಿ ಸೂಚನೆಯ ಹಾಳೆ ಬರೆಯುತ್ತಿದ್ದೇನೆ. ಓದುವವರು ನಮ್ಮ ಅಣ್ಣ, ಅತ್ತಿಗೆ, ಅವರ ಮಗ. ನಾನು ಊರಲ್ಲಿ ಇಲ್ಲದಾಗ ಅದನ್ನು ನೋಡಿಕೊಳ್ಳಬೇಕಾದವರು ಅವರೇ. ಹೇಗೆ ಶುರು ಮಾಡಬೇಕು, ಯಾವ ವೈರ್ ಎಲ್ಲಿಗೆ, ಪಾಸ್‌ವರ್ಡ್ ಎಲ್ಲಿದೆ, ಇದೆಲ್ಲ ಬರೆದಾಗಿದೆ. ಸಿಕ್ಕಿಕೊಂಡಿರುವುದು ‘ಆಫ್ ಮಾಡು’ ಅನ್ನುವ ಜಾಗದಲ್ಲಿ.

ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. ಹಳೇ ಕಂಪ್ಯೂಟರ್ ಒಂದಕ್ಕೆ ಪ್ರಾಕ್ಸ್‌ಮಾಕ್ಸ್ ಹಾಕಿದ್ದೇನೆ. ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ ತಂತ್ರಾಂಶ ಅದು. ಒಂದೇ ಡಬ್ಬದಲ್ಲಿ, ಕಂಪ್ಯೂಟರಿನೊಳಗಿನ ಕಂಪ್ಯೂಟರ್ ಅನ್ನಬಹುದಾದ ಹಲವು ವರ್ಚುವಲ್ ಮಷೀನ್‌ಗಳನ್ನು ನಡೆಸುತ್ತೆ. ಒಂದರಲ್ಲಿ ಮನೆಯವರ ಫೋಟೋ, ಇನ್ನೊಂದರಲ್ಲಿ ಫೈಲ್ ಇಡೋಕೆ ನೆಕ್ಸ್ಟ್‌ಕ್ಲೌಡ್, ಮತ್ತೊಂದರಲ್ಲಿ ಮನೆಯ ಸ್ಮಾರ್ಟ್ ಉಪಕರಣ ನೋಡಿಕೊಳ್ಳೋಕೆ ಹೋಮ್ ಅಸಿಸ್ಟೆಂಟ್. ಬ್ರೌಸರ್‌ನಲ್ಲಿ ಸರ್ವರ್‌ನ ಐಪಿ ವಿಳಾಸ ಹೊಡೆದು ಕೊನೆಗೆ 8006 ಅನ್ನುವ ಪೋರ್ಟ್ ಸೇರಿಸಿದರೆ ಎಲ್ಲವೂ ಒಂದೇ ಪುಟದಲ್ಲಿ ಕಾಣುತ್ತೆ. ಸರ್ವರ್, ವರ್ಚುವಲ್ ಮಷೀನ್ ಈ ಹೆಸರುಗಳಿಗೆ ಕನ್ನಡ ಹುಡುಕುತ್ತಿಲ್ಲ. ರೇಷನ್ ಅಂಗಡಿ ಮುಂದೆ ನಿಂತ ಅಜ್ಜಿಯೂ ‘ಸರ್ವರ್ ಇಲ್ವಂತೆ’ ಅನ್ನುವ ಕಾಲ ಇದು. ‘ಮಿಥ್ಯಾಯಂತ್ರ’ ಅಂತ ಬರೆದರೆ ಅತ್ತಿಗೆ ಹಾಳೆ ಮಡಚಿ ಇಟ್ಟುಬಿಡುತ್ತಾರೆ.

ತೊಡಕಿರುವುದು ಕ್ರಿಯಾಪದದಲ್ಲಿ. ಒಂದು ಮಷೀನ್ ಮೇಲೆ ಕ್ಲಿಕ್ ಮಾಡಿ ಶಟ್‌ಡೌನ್ ಬಟನ್‌ನ ಪಕ್ಕದ ಬಾಣ ಒತ್ತಿದರೆ ರೀಬೂಟ್, ಪಾಜ್, ಹೈಬರ್ನೇಟ್, ಸ್ಟಾಪ್, ರೀಸೆಟ್ ಅಂತ ಸಾಲಾಗಿ ಇಳಿಯುತ್ತೆ. ಇವುಗಳಲ್ಲಿ ಶಟ್‌ಡೌನ್ ಮತ್ತು ಸ್ಟಾಪ್ ಎರಡನ್ನೂ ನಮ್ಮ ಮನೆಯಲ್ಲಿ ‘ಆಫ್ ಮಾಡು’ ಇಲ್ಲವೇ ‘ನಿಲ್ಸು’ ಅಂತಲೇ ಹೇಳುತ್ತಾರೆ. ಆದರೆ ಆಗುವ ಕೆಲಸ ಪೂರ್ತಿ ಬೇರೆ.

ಶಟ್‌ಡೌನ್ ಒತ್ತಿದರೆ ಮಷೀನ್ ಒಳಗಿರುವ ಲಿನಕ್ಸ್‌ಗೋ ವಿಂಡೋಸ್‌ಗೋ ಒಂದು ಸಂದೇಶ ಹೋಗುತ್ತೆ. ಅದು ಆ್ಯಪ್‌ಗಳಿಗೆಲ್ಲ ಮುಗಿಸಿಕೊಳ್ಳಲು ಹೇಳಿ, ಬರೆಯೋದು ಬಾಕಿ ಇದ್ದದ್ದನ್ನು ಡಿಸ್ಕಿಗೆ ಬರೆದು, ಆಮೇಲೆ ತಾನಾಗಿ ನಿಲ್ಲುತ್ತೆ. ಸ್ಟಾಪ್ ಹಾಗಲ್ಲ. ಒಳಗಿನವರಿಗೆ ಯಾವ ಸುಳಿವನ್ನೂ ಕೊಡದೆ ಆ ಮಷೀನನ್ನೇ ಕೊಂದುಹಾಕುತ್ತೆ. ಓಡುತ್ತಿರುವ ಕಂಪ್ಯೂಟರಿನ ವೈರ್ ಕಿತ್ತರೆ ಏನಾಗುತ್ತೋ ಅದೇ. ಡಿಸ್ಕಿಗೆ ಇನ್ನೂ ಇಳಿಯದೆ ಇದ್ದದ್ದು ಹೋಯಿತು. ಒಳ್ಳೆಯ ಡೇಟಾಬೇಸ್‌ಗಳು ಇದನ್ನು ತಡೆದುಕೊಳ್ಳುವ ಹಾಗೆ ಕಟ್ಟಿರುತ್ತಾರೆ, ನಿಜ. ಆದರೂ ನಮ್ಮ ಹತ್ತು ವರ್ಷದ ಫೋಟೋ ಇಟ್ಟುಕೊಂಡು ಅದನ್ನು ಪರೀಕ್ಷೆ ಮಾಡುವ ಆಸೆ ನನಗಿಲ್ಲ.

ಈಗ ಫೋನಿನಲ್ಲಿ ‘ಆ ಮಷೀನ್ ನಿಲ್ಸು’ ಅಂದರೆ ಅಣ್ಣನ ಮಗ ಯಾವುದನ್ನು ಒತ್ತಬೇಕು? ಸ್ಟಾಪ್ ಅಂದರೆ ನಿಲ್ಲಿಸು. ಒತ್ತಿದರೆ ಅವನನ್ನು ಬೈಯುವ ಹಾಗೂ ಇಲ್ಲ.

ಶಟ್‌ಡೌನ್‌ಗೆ ಒಂದೊಂದೇ ಮಾತು ಹಚ್ಚಿ ನೋಡಿದೆ. ‘ಆರಿಸು’ ಚೆಂದ ಇದೆ, ಚಿಕ್ಕದೂ ಹೌದು. ಆದರೆ ‘ಮಷೀನ್ ಆರಿಸಿ’ ಅಂತ ಬರೆದರೆ ಹತ್ತರಲ್ಲಿ ಒಂಬತ್ತು ಜನ ‘ಆಯ್ಕೆ ಮಾಡಿ’ ಅಂತಲೇ ಓದುತ್ತಾರೆ. ಹಾಳೆಯಲ್ಲಿ ಮೊದಲು ಪಟ್ಟಿಯಿಂದ ಮಷೀನ್ ಆರಿಸಬೇಕು, ಆಮೇಲೆ ಅದನ್ನು ಆರಿಸಬೇಕು! ಅದೂ ಅಲ್ಲದೆ ಮನೆಯ ಹಿರಿಯರು ‘ದೀಪ ಆರಿಸು’ ಅನ್ನೋದಿಲ್ಲ, ‘ದೀಪ ದೊಡ್ಡದು ಮಾಡು’ ಅನ್ನುತ್ತಾರೆ. ಇದನ್ನು ಸರ್ವರ್‌ಗೆ ಹಚ್ಚಿದರೆ ಅಣ್ಣನ ಮಗ ರ್‍ಯಾಮ್ ಜಾಸ್ತಿ ಹಾಕಿ ಕೂತಿರುತ್ತಾನೆ. ಬೆಂಕಿಗೆ ಹೇಳುವ ‘ಕೆಡಿಸು’ ಅನ್ನೋದನ್ನಂತೂ ಮಷೀನ್ ಹತ್ತಿರ ತರೋದೇ ಬೇಡ.

ಕನ್ನಡಕ್ಕೆ ತಂದ ಕೆಲವು ತಂತ್ರಾಂಶಗಳಲ್ಲಿ ‘ಸ್ಥಗಿತಗೊಳಿಸು’ ಅಂತ ನೋಡಿದ್ದೇನೆ. ನನಗೆ ಒಪ್ಪಿಗೆ ಇಲ್ಲ. ನಮ್ಮ ಕಡೆ ಈ ಪದ ಕೇಳಿಬರುವುದು ಮಳೆಗಾಲದಲ್ಲಿ, ‘ಶಿರಾಡಿ ಘಾಟ್ ಸಂಚಾರ ಸ್ಥಗಿತ’ ಅಂತ. ಮಣ್ಣು ಕುಸಿದು ಲಾರಿಗಳು ಇದ್ದಲ್ಲೇ ಸಾಲುಗಟ್ಟಿ ನಿಂತ ಚಿತ್ರ ಕಣ್ಣಿಗೆ ಬರುತ್ತೆ. ಕೆಲಸ ಮುಗಿಸಿ ನಿಂತಿದ್ದಕ್ಕೆ ಅದನ್ನು ಯಾರೂ ಹೇಳೋದಿಲ್ಲ. ಸರ್ವರ್ ಹ್ಯಾಂಗ್ ಆಗಿದ್ದಕ್ಕೆ ಬೇಕಾದರೆ ಹೇಳಬಹುದು. ‘ಬಂದ್ ಮಾಡು’ ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ಸಲೀಸಾಗಿ ಓಡುತ್ತೆ. ಫ್ಯಾನ್, ಲೈಟ್ ಎಲ್ಲಕ್ಕೂ ಅದೇ. ಹಾಸನದಲ್ಲಿ ಬಂದ್ ಅಂದರೆ ‘ಯಾವ ಸಂಘಟನೆ ಕರೆದಿದೆ?’ ಅಂತ ಕೇಳುತ್ತಾರೆ.

ಇಷ್ಟೆಲ್ಲ ಹುಡುಕಿದ ಮೇಲೆ ನನಗೆ ಅನಿಸಿದ್ದು ಏನೆಂದರೆ, ಗಂಟು ಇರುವುದು ‘-ಇಸು’ ಪ್ರತ್ಯಯದಲ್ಲಿ. ಡ್ರೈವರ್ ಬ್ರೇಕ್ ಒತ್ತಿ ಬಸ್ ನಿಲ್ಲಿಸುತ್ತಾನೆ. ನಾನು ರಸ್ತೆ ಬದಿಯಲ್ಲಿ ಕೈ ಅಡ್ಡ ಹಾಕಿಯೂ ಬಸ್ ನಿಲ್ಲಿಸುತ್ತೇನೆ. ಎರಡನೆಯದರಲ್ಲಿ ನಾನು ಮಾಡಿದ್ದು ಕೇಳಿಕೊಂಡಿದ್ದು ಮಾತ್ರ. ನೆಂಟರನ್ನು ‘ಬನ್ನಿ, ಕೂತ್ಕೊಳ್ಳಿ’ ಅಂತ ಕೂರಿಸುವುದೂ ಕೂರಿಸುವುದೇ, ಮಗುವನ್ನು ಎತ್ತಿ ಕುರ್ಚಿಗೆ ಹಾಕುವುದೂ ಕೂರಿಸುವುದೇ. ಹೇಳಿ ಮಾಡಿಸಿದ್ದೋ, ಬಲವಂತದಿಂದ ಮಾಡಿದ್ದೋ, ಈ ಪ್ರತ್ಯಯ ಹೇಳುವುದಿಲ್ಲ. ಶಟ್‌ಡೌನ್‌ಗೂ ಸ್ಟಾಪ್‌ಗೂ ಇರುವ ವ್ಯತ್ಯಾಸ ಸರಿಯಾಗಿ ಅದೇ. ಹಾಗಾಗಿ ‘ನಿಲ್ಲಿಸು’ವಿಗೆ ಸಮಾನಾರ್ಥಕ ಪದ ಎಷ್ಟು ತಂದರೂ ಸಮಸ್ಯೆ ಇದ್ದಲ್ಲೇ ಇರುತ್ತೆ.

ಸದ್ಯಕ್ಕೆ ಹಾಳೆಯಲ್ಲಿ ಬರೆದಿರುವುದು: ಶಟ್‌ಡೌನ್ ಅಂದರೆ ‘ನಿಲ್ಲೋಕೆ ಹೇಳು’. ಸ್ಟಾಪ್ ಅಂದರೆ ‘ಫ್ಯೂಸ್ ಕೀಳು’. ಬಿಲ್ ಕಟ್ಟದಿದ್ದರೆ ಫ್ಯೂಸ್ ಕೀಳುತ್ತಾರೆ ಅನ್ನೋದು ಎಲ್ಲರಿಗೂ ಗೊತ್ತು. ಅದರ ಒರಟುತನವೇ ಇಲ್ಲಿ ಬೇಕಾಗಿರುವುದು.

‘ಹೇಳು’ ಅಂತ ಬರೆದದ್ದರಿಂದ ಇನ್ನೊಂದು ಲಾಭವೂ ಆಯಿತು. ಹೇಳಿದರೂ ಕೇಳದೆ ಇರಬಹುದು ಅನ್ನುವ ಅರ್ಥ ಅದರೊಳಗೇ ಇದೆ. ಶಟ್‌ಡೌನ್ ಒತ್ತಿ ಸುಮ್ನೆ ಕಾದರೂ ಮಷೀನ್ ನಿಲ್ಲದೆ, ಕೆಳಗೆ ಟೈಮ್‌ಔಟ್ ಅಂತ ತಪ್ಪು ತೋರಿಸುವುದುಂಟು. ಹೆಚ್ಚಿನ ಸಲ ಕಾರಣ ಇಷ್ಟೇ: ಸೆಟ್ಟಿಂಗ್‌ನಲ್ಲಿ ಗೆಸ್ಟ್ ಏಜೆಂಟ್ (ಮಷೀನ್ ಒಳಗೆ ಕೂತು ಹೊರಗಿನ ಸಂದೇಶ ತೆಗೆದುಕೊಳ್ಳುವ ಸಣ್ಣ ತಂತ್ರಾಂಶ) ಅನ್ನುವ ಆಯ್ಕೆಗೆ ಟಿಕ್ ಹಾಕಿರುತ್ತಾರೆ, ಮಷೀನ್ ಒಳಗೆ ಆ ಏಜೆಂಟ್ ಹಾಕಿಯೇ ಇರುವುದಿಲ್ಲ. ಪ್ರಾಕ್ಸ್‌ಮಾಕ್ಸ್ ಸಂದೇಶವನ್ನು ಅದರ ಕೈಗೆ ಕೊಡಲು ಕಾಯುತ್ತೆ, ತೆಗೆದುಕೊಳ್ಳುವವರು ಯಾರೂ ಇಲ್ಲ. ಆಗ ಮಷೀನ್ ಒಳಗೆ ಲಾಗಿನ್ ಆಗಿ ಅಲ್ಲಿಂದಲೇ ಮುಗಿಸಬೇಕು. ಅದೂ ಆಗದಿದ್ದರೆ ಮಾತ್ರ ಫ್ಯೂಸ್. ಇಡೀ ಸರ್ವರ್ ಆಫ್ ಮಾಡುವಾಗಲೂ ಅದು ಒಳಗಿನ ವರ್ಚುವಲ್ ಮಷೀನ್‌ಗಳಿಗೆ ಮೊದಲು ಹೇಳಿ, ನಾವು ಬೇರೆ ಲೆಕ್ಕ ಕೊಡದಿದ್ದರೆ 180 ಸೆಕೆಂಡ್ ಕಾಯುತ್ತೆ. ‘ಹೇಳಿದೆ, ಇನ್ನೂ ಕೇಳ್ತಿಲ್ಲ’ ಅಂತ ಅತ್ತಿಗೆ ಫೋನ್ ಮಾಡಿದರೆ ಏನಾಗಿದೆ ಅಂತ ನನಗೆ ಅರ್ಧ ಅಲ್ಲೇ ಗೊತ್ತಾಗುತ್ತೆ.

ಯುಪಿಎಸ್‌ಗೆ ಯುಎಸ್‌ಬಿ ವೈರ್ ಕೊಟ್ಟು, ನಟ್ ಅನ್ನುವ ತಂತ್ರಾಂಶ ಹಾಕಿ, ಬ್ಯಾಟರಿ ಇಳಿದಾಗ ತಾನೇ ನಿಲ್ಲುವ ಹಾಗೆ ಮಾಡಬಹುದಲ್ವಾ ಅಂತ ಯಾರಾದರೂ ಕೇಳಬಹುದು. ಮಾಡಿದ್ದೇನೆ. ಆದರೂ ಗುಡುಗು ಮಿಂಚು ಶುರುವಾದರೆ ಮನೆಯವರು ಪ್ಲಗ್ ಕೀಳಲು ಹೊರಡುತ್ತಾರೆ, ಅವರಿಗೆ ಒಂದು ಮಾತು ಬೇಕೇ ಬೇಕು.

ಇಂಗ್ಲಿಷ್‌ನಲ್ಲಾದರೂ ಎಲ್ಲ ಸರಿಯಾಗಿದೆ ಅಂದುಕೊಳ್ಳಬೇಡಿ. ಇದೇ ಪ್ರಾಕ್ಸ್‌ಮಾಕ್ಸ್‌ನ ಬ್ಯಾಕಪ್ ಪುಟದಲ್ಲಿ ಸ್ನ್ಯಾಪ್‌ಶಾಟ್, ಸಸ್ಪೆಂಡ್, ಸ್ಟಾಪ್ ಅಂತ ಮೂರು ವಿಧಾನಗಳಿವೆ. ಅಲ್ಲಿನ ಸ್ಟಾಪ್ ವೈರ್ ಕೀಳುವ ಸ್ಟಾಪ್ ಅಲ್ಲ. ಮಷೀನನ್ನು ಕ್ರಮವಾಗಿ ಶಟ್‌ಡೌನ್ ಮಾಡಿ ಆಮೇಲೆ ಬ್ಯಾಕಪ್ ತೆಗೆದುಕೊಳ್ಳುವುದು. ಒಂದೇ ತಂತ್ರಾಂಶ, ಒಂದೇ ಪದ, ಎರಡು ಅರ್ಥ. ಇಂಗ್ಲಿಷ್ ಪದಕ್ಕೆ ಪದ ಇಟ್ಟುಕೊಂಡು ಹೋದರೆ ಈ ಗೊಂದಲವೂ ಜೊತೆಗೆ ಬರುತ್ತೆ. ಆಗುವ ಕೆಲಸ ನೋಡಿ ಹೆಸರಿಟ್ಟರೆ ಬ್ಯಾಕಪ್ ಪುಟದ ಸ್ಟಾಪ್‌ಗೂ ‘ನಿಲ್ಲೋಕೆ ಹೇಳು’ ಅಂತಲೇ ಬರೆಯಬಹುದು.

ಪಾಜ್, ಹೈಬರ್ನೇಟ್ ಇನ್ನೂ ತೀರ್ಮಾನ ಆಗಿಲ್ಲ. ಪಾಜ್ ಮಾಡಿದ ಮಷೀನ್ ರ್‍ಯಾಮ್‌ನಲ್ಲೇ ಇರುತ್ತೆ, ಕರೆಂಟ್ ಹೋದರೆ ಅದೂ ಹೋಯಿತು. ಹೈಬರ್ನೇಟ್‌ನಲ್ಲಿ ರ್‍ಯಾಮ್‌ನಲ್ಲಿದ್ದದ್ದನ್ನು ಡಿಸ್ಕಿಗೆ ಬರೆದಿಡುತ್ತೆ. ಎರಡನೆಯದಕ್ಕೆ ‘ಮಲಗಿಸು’ ಅನ್ನೋಣ ಅಂದರೆ, ‘ಸರ್ವರ್ ಮಲಗಿದೆ’ ಅಂದರೆ ಕೆಟ್ಟು ಕೂತಿದೆ ಅಂತ ಈಗಾಗಲೇ ಬಳಕೆ ಇದೆ.

ಸ್ನ್ಯಾಪ್‌ಶಾಟ್‌ಗೆ, ಅಂದರೆ ಮಷೀನ್ ಆ ಕ್ಷಣದಲ್ಲಿ ಹೇಗಿತ್ತೋ ಹಾಗೆ ಹಿಡಿದಿಡುವುದಕ್ಕೆ, ‘ಗುರುತು’ ಸಾಕು ಅನಿಸಿದೆ. ‘ಅಪ್‌ಡೇಟ್ ಮಾಡೋ ಮುಂಚೆ ಗುರುತು ಹಾಕು, ಕೆಟ್ಟರೆ ಗುರುತಿಗೆ ವಾಪಸ್ ಹೋಗು.’ ಬ್ಯಾಕಪ್‌ಗೆ ‘ಪ್ರತಿ’, ಅದು ಬೇರೆ ಡಿಸ್ಕಿನಲ್ಲಿ ಇರಬೇಕು. ಗುರುತು ಅದೇ ಡಿಸ್ಕಿನೊಳಗೆ ಇರುವುದರಿಂದ ಡಿಸ್ಕ್ ಸತ್ತರೆ ಗುರುತೂ ಸತ್ತಿತು. ‘ಚಿತ್ರ’ ಅಂತ ಕರೆದರೆ ಜನ ಅದನ್ನೇ ಪ್ರತಿ ಅಂದುಕೊಂಡು ನೆಮ್ಮದಿಯಾಗಿರುತ್ತಾರೆ, ಅದು ಅಪಾಯ.

ನನ್ನ ಪ್ರಶ್ನೆಗಳು ಇಷ್ಟು. ‘ನಿಲ್ಲೋಕೆ ಹೇಳು’ ಎರಡು ಪದದ್ದು, ಬಟನ್ ಮೇಲೆ ಉದ್ದ ಆಗುತ್ತೆ. ಕೇಳಿಕೊಂಡು ನಿಲ್ಲಿಸುವುದಕ್ಕೆ ಒಂದೇ ಪದ ನಿಮ್ಮ ಕಡೆ ಇದೆಯಾ? ಗಿರಣಿ, ಕಾಫಿ ಪಲ್ಪರ್, ಪಂಪ್‌ಸೆಟ್ ನಡೆಸುವವರು ನಿಧಾನವಾಗಿ ನಿಲ್ಲಿಸುವುದಕ್ಕೂ ಏಕಾಏಕಿ ಸ್ವಿಚ್ ಎಳೆಯುವುದಕ್ಕೂ ಬೇರೆ ಬೇರೆ ಮಾತು ಬಳಸುತ್ತಾರಾ? ಮೂಡಿಗೆರೆ, ಸಕಲೇಶಪುರದ ತೋಟದವರು ಇದ್ದರೆ ದಯವಿಟ್ಟು ತಿಳಿಸಿ. ಪದದ ಜೊತೆಗೆ ಅದನ್ನು ಬಳಸುವ ಒಂದು ವಾಕ್ಯವನ್ನೂ ಬರೆಯಿರಿ, ಯಾವ ಊರಿನ ಮಾತು ಅಂತಲೂ ಸೇರಿಸಿ.